ಭೂವಿಜ್ಞಾನ ಎಂ.ಎಸ್ಸಿ.ಗೆ ಎಷ್ಟು ಸಾಲ ಮಾಡಬಹುದು?

ಪ್ರಶ್ನೆ: ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ, ಅದರಲ್ಲಿ ಭೂವಿಜ್ಞಾನವೂ ಒಂದು ವಿಷಯ. ಎಂ.ಎಸ್ಸಿ. ಮಾಡಲೇಬೇಕು ಎಂದು ಹಟ ಹಿಡಿದಿದ್ದಾಳೆ. ಮಾನಸಗಂಗೋತ್ರಿಯಲ್ಲಿ ಸೀಟು ಸಿಗದಿದ್ದರೆ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯಕ್ಕೆ ಸುಮಾರು 6 ಲಕ್ಷ ಬೇಕಾಗುತ್ತದೆ. ಗೆಳತಿಯೊಬ್ಬಳು ವಿದೇಶಕ್ಕೆ ಹೋಗೋಣ ಎಂದು ತಲೆಗೆ ಹಾಕಿದ್ದಾಳೆ, ಅದಕ್ಕೆ 40 ಲಕ್ಷವಂತೆ. ನಮಗಿರುವುದು ಎರಡೂವರೆ ಎಕರೆ ಕಬ್ಬಿನ ಗದ್ದೆ. ಈ ಓದಿಗೆ ಸಂಬಳ ಎಷ್ಟು ಬರುತ್ತದೆ? ಸಾಲ ತೀರುತ್ತದೆಯೇ? ಜಮೀನು ಅಡ ಇಡಬಹುದೇ? ಪಕ್ಕದಲ್ಲೇ ಲಿಥಿಯಂ ಸಿಕ್ಕಿದೆ ಎನ್ನುತ್ತಾರಲ್ಲ, ಅಲ್ಲಿ ಕೆಲಸ ಸಿಗಬಹುದೇ?
– ಪಾಂಡವಪುರ ತಾಲ್ಲೂಕಿನ ಓದುಗರು

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ದೇಶದೊಳಗಿನ ಎಂ.ಎಸ್ಸಿ.ಗೆ ಒಟ್ಟು ಸಾಲ 3 ಲಕ್ಷದ ಆಸುಪಾಸಿನಲ್ಲಿ ಮುಗಿಯುವುದಾದರೆ ಧೈರ್ಯವಾಗಿ ಮಾಡಿ. 6 ಲಕ್ಷವಾದರೆ ಕೆಲವು ಷರತ್ತುಗಳಿವೆ. 40 ಲಕ್ಷ ಸಾಲ ಮಾಡಿ ವಿದೇಶಕ್ಕೆ ಕಳಿಸುವುದು ನಿಮ್ಮ ಪರಿಸ್ಥಿತಿಯಲ್ಲಿ ಬೇಡ. ವಿದೇಶಕ್ಕೆ ಹೋಗಲೇಬೇಕೆಂದರೆ ಬೇರೆ ದಾರಿ ಇದೆ.

ಭೂವಿಜ್ಞಾನ ಓದಿದವರ ಸಂಬಳದಲ್ಲಿ ‘ಸರಾಸರಿ’ ಎಂಬ ಸಂಖ್ಯೆಯಿಂದ ಏನೂ ಪ್ರಯೋಜನವಿಲ್ಲ. ಈ ಕ್ಷೇತ್ರದಲ್ಲಿ ಆರಂಭದ ಸಂಬಳ ಎರಡು ಗುಂಪಾಗಿ ಒಡೆದುಕೊಂಡಿದೆ, ನಡುವೆ ಹೆಚ್ಚು ಜನ ಇಲ್ಲ. ಮೇಲಿನ ಗುಂಪಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಕೇಂದ್ರೀಯ ಅಂತರ್ಜಲ ಮಂಡಳಿ, ಅಣು ಖನಿಜ ನಿರ್ದೇಶನಾಲಯ, ಓಎನ್‌ಜಿಸಿ, ಕೋಲ್ ಇಂಡಿಯಾದಂಥ ಸಂಸ್ಥೆಗಳಿವೆ. ಸರ್ವೇಕ್ಷಣೆಯ ಭೂವಿಜ್ಞಾನಿ ಹುದ್ದೆ 7ನೇ ವೇತನ ಆಯೋಗದ ಲೆವೆಲ್ 10ರಲ್ಲಿದೆ, ಮೂಲ ವೇತನ 56,100 ರೂಪಾಯಿ. 2025ರ ಆರಂಭದಲ್ಲಿದ್ದ ಶೇ 55ರ ತುಟ್ಟಿಭತ್ಯೆ ಹಿಡಿದು, ಮೈಸೂರಿನಂಥ ‘ವೈ’ ದರ್ಜೆಯ ಊರಿನ ಶೇ 20ರ ಮನೆ ಬಾಡಿಗೆ ಭತ್ಯೆ ಸೇರಿಸಿದರೆ ತಿಂಗಳಿಗೆ ಸುಮಾರು 98,000 ಆಗುತ್ತದೆ. ಎನ್‌ಪಿಎಸ್‌ಗೆ (ಪಿಂಚಣಿ ನಿಧಿಗೆ) ಶೇ 10 ಕಡಿತವಾದ ಮೇಲೆ, ತೆರಿಗೆಗೆ ಮುಂಚೆ, 89,000 ಉಳಿಯುತ್ತದೆ. ಓಎನ್‌ಜಿಸಿಯ ಭೂವಿಜ್ಞಾನಿಗೆ ಇ1 ಶ್ರೇಣಿ, ಮೂಲ ವೇತನ 60,000ದಿಂದ ಶುರು.

ಕೆಳಗಿನ ಗುಂಪಿನಲ್ಲಿರುವುದು ಖಾಸಗಿ ಅನ್ವೇಷಣಾ ಕಂಪನಿಗಳು, ಗಣಿ ಗುತ್ತಿಗೆದಾರರು, ಕನ್ಸಲ್ಟೆನ್ಸಿಗಳು, ಡ್ರಿಲ್ಲಿಂಗ್ ಕಂಪನಿಗಳು, ಜಿಐಎಸ್ (ಕಂಪ್ಯೂಟರ್ ನಕ್ಷೆ) ಕಚೇರಿಗಳು. ಹೊಸಬರಿಗೆ ತಿಂಗಳಿಗೆ 20ರಿಂದ 30 ಸಾವಿರ, ಸೈಟಿನಲ್ಲಾದರೆ ಊಟ-ವಸತಿ ಸೇರಿ. ಸಾಲದ ಲೆಕ್ಕ ಹಾಕುವಾಗ 25 ಸಾವಿರವನ್ನೇ ಹಿಡಿಯಿರಿ. ಮಗಳು ಜಾಣೆ, ಪರೀಕ್ಷೆ ಪಾಸಾಗುತ್ತಾಳೆ ಎಂದು 89 ಸಾವಿರವನ್ನು ಹಿಡಿದು ಸಾಲ ತೆಗೆದ ಮನೆಗಳೇ ಆಮೇಲೆ ಪರದಾಡುವುದು. ಜಾಣತನದ ಪ್ರಶ್ನೆಯಲ್ಲ ಇದು, ಹುದ್ದೆಗಳ ಸಂಖ್ಯೆಯದು. ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ 2023ರಲ್ಲಿ 285 ಹುದ್ದೆ ಕರೆದಿದ್ದರು, 2024ರಲ್ಲಿ 56. ಭೂವಿಜ್ಞಾನಿ, ಭೂಭೌತವಿಜ್ಞಾನಿ, ರಸಾಯನಶಾಸ್ತ್ರಜ್ಞ, ಅಂತರ್ಜಲ ವಿಜ್ಞಾನಿ ಎಲ್ಲ ಸೇರಿ, ಇಡೀ ದೇಶಕ್ಕೆ. ಒಂದೇ ವರ್ಷದಲ್ಲಿ ಐದರಲ್ಲೊಂದಕ್ಕೆ ಇಳಿಯಿತು. ಯಾವ ವರ್ಷ ಎಷ್ಟು ಕರೆಯುತ್ತಾರೆ ಎಂಬುದು ನಿಮ್ಮ ಕೈಯಲ್ಲೂ ಇಲ್ಲ, ಮಗಳ ಕೈಯಲ್ಲೂ ಇಲ್ಲ.

25 ಸಾವಿರ ಸಂಬಳದಲ್ಲಿ ಕಂತು 5,000 ದಾಟಬಾರದು ಎಂದು ಇಟ್ಟುಕೊಳ್ಳೋಣ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ 3 ಲಕ್ಷ ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆ. ಬಡ್ಡಿ ಶೇ 10, ಅವಧಿ 10 ವರ್ಷವಾದರೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 1,322 ರೂಪಾಯಿ. ಆದರೆ ನೀವು ತೆಗೆದುಕೊಳ್ಳುವ 3 ಲಕ್ಷ, ಕಂತು ಶುರುವಾಗುವ ಹೊತ್ತಿಗೆ 3 ಲಕ್ಷವಾಗಿ ಉಳಿದಿರುವುದಿಲ್ಲ. ಬ್ಯಾಂಕಿನವರು ಮೊರಟೋರಿಯಂ ಎನ್ನುವ ಅವಧಿ, ಅಂದರೆ ಓದಿನ 2 ವರ್ಷ ಮತ್ತು ಆಮೇಲಿನ 1 ವರ್ಷ, ಕಂತು ಕೇಳುವುದಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ನಾಲ್ಕು ಸೆಮಿಸ್ಟರಿಗೆ 75,000ದಂತೆ ಹಣ ಬಿಡುಗಡೆಯಾದರೆ ಆ ಮೂರು ವರ್ಷಕ್ಕೆ ಸರಳ ಬಡ್ಡಿ 67,500. ಅದು ಅಸಲಿಗೆ ಸೇರಿ 3,67,500 ಆಗುತ್ತದೆ, ಕಂತು 4,860.

ಇದೇ ಲೆಕ್ಕ 6 ಲಕ್ಷಕ್ಕೆ ಹೀಗೆ: ಸೇರುವ ಬಡ್ಡಿ 1,35,000, ಕಂತು ಶುರುವಾಗುವಾಗ ಸಾಲ 7,35,000. 10 ವರ್ಷಕ್ಕೆ ಕಂತು ಸುಮಾರು 9,700, ಒಟ್ಟು ಕಟ್ಟುವುದು 11.66 ಲಕ್ಷ. ಕಂತು ಹಗುರವಾಗಲಿ ಎಂದು 15 ವರ್ಷ ಮಾಡಿಸಿದರೆ ತಿಂಗಳಿಗೆ 7,900, ಆದರೆ ಒಟ್ಟು 14.2 ಲಕ್ಷ. 25 ಸಾವಿರ ಸಂಬಳದಲ್ಲಿ 9,700 ಕಂತಿಗೆ ಹೋದರೆ ಬೇರೆ ಊರಿನಲ್ಲಿ ರೂಮು ಮಾಡಿಕೊಂಡಿರುವ ಹುಡುಗಿಗೆ ಉಳಿಯುವುದು ಎಷ್ಟು ಎಂದು ನೀವೇ ನೋಡಿ.

ಇಲ್ಲಿ ಒಂದು ಉಪಾಯವಿದೆ, ಕಬ್ಬು ಬೆಳೆಯುವವರಿಗೆ ಚೆನ್ನಾಗಿ ಹೊಂದುತ್ತದೆ. ಮೊರಟೋರಿಯಂನಲ್ಲಿ ಓಡುವುದು ಸರಳ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ಬೀಳುವುದಿಲ್ಲ. ಆದ್ದರಿಂದ ತಿಂಗಳು ತಿಂಗಳು ಕಟ್ಟಬೇಕೆಂಬ ಒತ್ತಡ ಮಾಡಿಕೊಳ್ಳಬೇಕಾಗಿಲ್ಲ. ಕಾರ್ಖಾನೆಯಿಂದ ಬಟವಾಡೆ ಆದಾಗ ಕೈಲಾದಷ್ಟು ಸಾಲದ ಖಾತೆಗೆ ಹಾಕಿ. ಏನೇ ಆದರೂ ಮೊರಟೋರಿಯಂ ಮುಗಿಯುವ ತಿಂಗಳೊಳಗೆ ಅಲ್ಲಿಯವರೆಗಿನ ಬಡ್ಡಿಯನ್ನು ಪೂರ್ತಿ ತೀರಿಸಿಬಿಡಿ. 6 ಲಕ್ಷದ ಸಾಲದಲ್ಲಿ ಆ 1,35,000ವನ್ನು ಅಸಲಿಗೆ ಸೇರಲು ಬಿಡದಿದ್ದರೆ ಕಂತು 9,700ರಿಂದ 7,930ಕ್ಕೆ ಇಳಿಯುತ್ತದೆ. ಹತ್ತು ವರ್ಷದಲ್ಲಿ ಕಂತಿನಲ್ಲಿ ಉಳಿಯುವುದು 2.14 ಲಕ್ಷ. ತಿಂಗಳು ತಪ್ಪದೆ ಬಡ್ಡಿ ಕಟ್ಟಬಲ್ಲೆ ಎನ್ನುವವರಿಗೆ ಇನ್ನೊಂದು ಲಾಭವುಂಟು: ಓದಿನ ಅವಧಿಯುದ್ದಕ್ಕೂ ಬಡ್ಡಿ ಕಟ್ಟಿದವರಿಗೆ ಬಡ್ಡಿ ದರದಲ್ಲಿ ಶೇ 1 ರಿಯಾಯಿತಿ ಕೊಡುವ ಬ್ಯಾಂಕುಗಳಿವೆ. ಹೆಣ್ಣುಮಕ್ಕಳಿಗೆ ಶೇ 0.5 ಕಡಿತ ಸಾರ್ವಜನಿಕ ಬ್ಯಾಂಕುಗಳಲ್ಲಿ ಸಾಮಾನ್ಯ. ಮಂಜೂರಾತಿ ಪತ್ರದಲ್ಲಿ ಇವೆರಡೂ ಬರೆದಿವೆಯೇ ಎಂದು ನೋಡಿಯೇ ಸಹಿ ಹಾಕಿ. ಬಾಯಿಮಾತಿನಲ್ಲಿ ‘ಸಿಗುತ್ತೆ ಬಿಡಿ’ ಎಂದದ್ದಕ್ಕೆ ಬೆಲೆಯಿಲ್ಲ.

ಈ ವಿಷಯ ಓದುವವರು ಸಾಮಾನ್ಯವಾಗಿ ಎಡವುವುದು ಬಡ್ಡಿ ದರದಲ್ಲಲ್ಲ, ಕ್ಯಾಲೆಂಡರಿನಲ್ಲಿ. ಮಗಳು 2026ರ ಮಧ್ಯದಲ್ಲಿ ಎಂ.ಎಸ್ಸಿ. ಸೇರಿದಳು ಎನ್ನಿ. ಓದು ಮುಗಿಯುವುದು 2028ರ ಮಧ್ಯಕ್ಕೆ, ಕಂತು ಶುರುವಾಗುವುದು 2029ರ ಮಧ್ಯಕ್ಕೆ. ಜಿಯೋ-ಸೈಂಟಿಸ್ಟ್ ಪರೀಕ್ಷೆಯ ಅಧಿಸೂಚನೆ ಸೆಪ್ಟೆಂಬರಿನಲ್ಲಿ, ಪೂರ್ವಭಾವಿ ಫೆಬ್ರುವರಿಯಲ್ಲಿ, ಮುಖ್ಯ ಪರೀಕ್ಷೆ ಜೂನ್‌ನಲ್ಲಿ ಬರುತ್ತದೆ. ಅಂತಿಮ ವರ್ಷದವರೂ ಅರ್ಜಿ ಹಾಕಬಹುದು. ಹಾಗಾಗಿ 2027ರ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿ, ಮೊದಲ ಯತ್ನದಲ್ಲೇ ಪಾಸಾದರೂ ಸಂದರ್ಶನ, ಫಲಿತಾಂಶ, ವೈದ್ಯಕೀಯ ತಪಾಸಣೆ, ದಾಖಲೆ ಪರಿಶೀಲನೆ ಎಲ್ಲ ಮುಗಿದು ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ 2029 ಆಗಿರುತ್ತದೆ. ಅಂದರೆ ಮೊದಲ ಯತ್ನದಲ್ಲಿ ಗೆದ್ದರೆ ಮಾತ್ರ ಸಂಬಳವೂ ಕಂತೂ ಹೆಚ್ಚುಕಡಿಮೆ ಒಟ್ಟಿಗೆ ಶುರುವಾಗುತ್ತವೆ. ಎರಡನೇ ಯತ್ನಕ್ಕೆ ಹೋದರೆ ಒಂದು ವರ್ಷ ಸಂಬಳವಿಲ್ಲದೆ ಕಂತು ಕಟ್ಟಬೇಕು. 9,700ರಂತೆ 12 ತಿಂಗಳಿಗೆ 1,16,400. ಆ ಹಣ ಎಲ್ಲಿಂದ ಬರುತ್ತದೆ ಎಂಬುದು ಸಾಲ ತೆಗೆಯುವ ದಿನವೇ ಗೊತ್ತಿರಬೇಕು. ಗೊತ್ತಿಲ್ಲದ ಕಡೆ ಆಗುವುದೇನೆಂದರೆ, ಮೂರು ಕಂತು ತಪ್ಪುತ್ತವೆ, ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಮಗಳ ಸಿಬಿಲ್ ಜೊತೆಗೆ ಸಹ-ಸಾಲಗಾರರಾದ ನಿಮ್ಮದೂ ಕೆಡುತ್ತದೆ, ಮುಂದಿನ ಬೆಳೆ ಸಾಲಕ್ಕೂ ಕೊಕ್ಕೆ ಬೀಳುತ್ತದೆ. ಹುಡುಗಿ ಅರ್ಧ ತಯಾರಿಯಲ್ಲಿ ಪರೀಕ್ಷೆ ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರುತ್ತಾಳೆ.

ಪರೀಕ್ಷೆಯ ಬಗ್ಗೆ ಇಷ್ಟು ತಿಳಿದಿರಲಿ. ಪೂರ್ವಭಾವಿ 400 ಅಂಕ (ಸಾಮಾನ್ಯ ಅಧ್ಯಯನ 100, ವಿಷಯ 300), ಮುಖ್ಯ ಪರೀಕ್ಷೆ 200ರ ಮೂರು ಪತ್ರಿಕೆ, ಸಂದರ್ಶನ 200, ಒಟ್ಟು 1,200. ಐಎಎಸ್ ಪರೀಕ್ಷೆಯಂತೆ ಇಲ್ಲಿ ಪೂರ್ವಭಾವಿಯ ಅಂಕ ಬಿಟ್ಟುಹೋಗುವುದಿಲ್ಲ, ಕೊನೆಯ ಪಟ್ಟಿಗೂ ಸೇರುತ್ತದೆ. ವಯಸ್ಸು 21ರಿಂದ 32, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಇದೇ ತಯಾರಿಯಲ್ಲಿ ರಾಷ್ಟ್ರಮಟ್ಟದ ಇನ್ನೆರಡು ಅರ್ಹತಾ ಪರೀಕ್ಷೆಗಳನ್ನು, ಅಂದರೆ ಗೇಟ್‌ನ ಭೂವಿಜ್ಞಾನ ಪತ್ರಿಕೆಯನ್ನೂ ಸಿಎಸ್‌ಐಆರ್-ನೆಟ್‌ನ ಭೂವಿಜ್ಞಾನವನ್ನೂ ಬರೆಯಬಹುದು, ಬರೆಯಲೇಬೇಕು. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿಗೆ ತಿಂಗಳಿಗೆ 37,000 ಮತ್ತು ಮನೆ ಬಾಡಿಗೆ ಭತ್ಯೆ. ಅದು ಖಾಸಗಿ ಕಂಪನಿಯ ಮೊದಲ ಸಂಬಳಕ್ಕಿಂತ ಮೇಲು. ಉನ್ನತ ಓದಿಗೆ ಹೋದರೆ ಕಂತನ್ನು ಮುಂದೂಡಲು ಅವಕಾಶ ಕೊಡುವ ಬ್ಯಾಂಕುಗಳಿವೆ. ಅದನ್ನು ಮೊದಲ ಕಂತು ಬೀಳುವ ಮುಂಚೆ ಲಿಖಿತವಾಗಿ ಕೇಳಬೇಕು, ತಪ್ಪಿದ ಮೇಲಲ್ಲ.

ಇನ್ನು ಜಮೀನು. ಶಿಕ್ಷಣ ಸಾಲಕ್ಕೆ ಕಬ್ಬಿನ ಗದ್ದೆಯನ್ನು ಅಡಮಾನವಾಗಿ ತೆಗೆದುಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಕಾರಣ ಕಾನೂನಿನಲ್ಲಿದೆ: ಸಾಲ ತೀರದಿದ್ದಾಗ ಆಸ್ತಿಯನ್ನು ಬ್ಯಾಂಕು ತಾನೇ ಹರಾಜು ಹಾಕಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಪಹಣಿ ಹಿಡಿದು ಹೋದರೆ ‘ಮನೆ ಇದೆಯಾ, ಅಲಿನೇಷನ್ ಆದ ಸೈಟು ಇದೆಯಾ’ ಎಂದು ಕೇಳುವುದು ಅದಕ್ಕೇ. ನನ್ನ ಮಾತು ಕೇಳುವುದಾದರೆ ಜಮೀನಿನ ಯೋಚನೆಯನ್ನೇ ಬಿಡಿ, ಬೇಕಾಗುವುದೂ ಇಲ್ಲ. 4 ಲಕ್ಷದವರೆಗಿನ ಸಾಲಕ್ಕೆ ಅಡಮಾನವೂ ಬೇಡ, ಕೈಯಿಂದ ಹಾಕುವ ಮಾರ್ಜಿನ್ ಹಣವೂ ಬೇಡ. 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ನಿಧಿಯಡಿ ಅಡಮಾನವಿಲ್ಲದೆ, ಮೂರನೆಯವರ ಜಾಮೀನಿಲ್ಲದೆ ಕೊಡಲು ಅವಕಾಶವಿದೆ. 4 ಲಕ್ಷ ದಾಟಿದರೆ ದೇಶದೊಳಗಿನ ಓದಿಗೆ ಶೇ 5 ನೀವು ಹಾಕಬೇಕು.

2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯನ್ನು ಮೊದಲು ನೋಡಿ. ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡುವ) ರ‍್ಯಾಂಕಿನ ಆಧಾರದಲ್ಲಿ ಆಯ್ಕೆಯಾದ ಸಂಸ್ಥೆಗಳಿಗೆ ಸೀಟು ಸಿಕ್ಕಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದ ಸಾಲ ಅದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ 3 ಬಡ್ಡಿ ಸಹಾಯಧನವಿದೆ. ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಸರ್ಕಾರಿ ಸಂಸ್ಥೆಯಲ್ಲಿ ತಾಂತ್ರಿಕ, ವೃತ್ತಿಪರ ಕೋರ್ಸು ಓದುವವರಿಗೆ ಆದ್ಯತೆ ಇರುವುದರಿಂದ ಸಾದಾ ಎಂ.ಎಸ್ಸಿ. ಸರದಿಯಲ್ಲಿ ಹಿಂದೆ ನಿಲ್ಲುತ್ತದೆ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯಧನ ಪಡೆಯುವವರಿಗೆ ಈ ಶೇ 3 ಸಿಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕೇ ಬಡ್ಡಿ ಸಹಾಯಧನವನ್ನು ನಂಬಿ ಬಜೆಟ್ ಮಾಡಬೇಡಿ, ಬಂದರೆ ಬರಲಿ. ನೀವು ಹೇಳುವ ಹೊರರಾಜ್ಯದ ವಿಶ್ವವಿದ್ಯಾಲಯ ಆ ವರ್ಷದ ಪಟ್ಟಿಯಲ್ಲಿ ಇಲ್ಲವೆಂದರೆ ಮಾತ್ರ ನನ್ನ ಸಲಹೆ ಸ್ಪಷ್ಟ: 6 ಲಕ್ಷ ಕೊಟ್ಟು ಅಲ್ಲಿಗೆ ಹೋಗಬೇಡಿ. ಇನ್ನೊಂದು ವರ್ಷ ಕಾದು ಐಐಟಿ ಜ್ಯಾಮ್, ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆಗಳನ್ನು ಬರೆಯಲಿ.

6 ಲಕ್ಷದ ಸೀಟಿಗೆ ಹಣ ಕಟ್ಟುವ ಮುಂಚೆ ನೋಡಲೇಬೇಕಾದ ಇನ್ನೊಂದು ಸಂಗತಿ, ಅಂಕಪಟ್ಟಿಯ ಮೇಲೆ ಪದವಿಯ ಹೆಸರು ಏನೆಂದು ಬರುತ್ತದೆ ಎಂಬುದು. ಯುಪಿಎಸ್‌ಸಿ ಅಧಿಸೂಚನೆಯಲ್ಲಿ ಭೂವಿಜ್ಞಾನಿ ಹುದ್ದೆಗೆ ಒಪ್ಪುವ ಸ್ನಾತಕೋತ್ತರ ಪದವಿಗಳ ಹೆಸರುಗಳನ್ನೇ ಪಟ್ಟಿ ಮಾಡಿರುತ್ತಾರೆ: ಜಿಯಾಲಜಿ, ಅಪ್ಲೈಡ್ ಜಿಯಾಲಜಿ, ಮಿನರಲ್ ಎಕ್ಸ್‌ಪ್ಲೊರೇಷನ್, ಎಂಜಿನಿಯರಿಂಗ್ ಜಿಯಾಲಜಿ, ಜಿಯೋಕೆಮಿಸ್ಟ್ರಿ ಹೀಗೆ. ಪರಿಸರ ವಿಜ್ಞಾನ, ವಿಪತ್ತು ನಿರ್ವಹಣೆ, ಜಿಯೋಇನ್ಫರ್ಮ್ಯಾಟಿಕ್ಸ್ ಎಂದಿದ್ದರೆ ಒಳಗೆ ಎಷ್ಟೇ ಭೂವಿಜ್ಞಾನ ಕಲಿಸಿರಲಿ, ಆ ಪರೀಕ್ಷೆಯ ಬಾಗಿಲು ಮುಚ್ಚಿತು. ಆಕರ್ಷಕ ಹೆಸರಿನ ಹೊಸ ಕೋರ್ಸುಗಳಲ್ಲಿ ಈ ಅಪಾಯ ಹೆಚ್ಚು. ಬಿ.ಎಸ್ಸಿ.ಗೇ ನಿಲ್ಲಿಸಿದರೂ ಇದೇ ಕಥೆ. ಮೇಲಿನ ಗುಂಪಿನ ಹುದ್ದೆಗಳಿಗೆಲ್ಲ ಎಂ.ಎಸ್ಸಿ. ಬೇಕೇ ಬೇಕು. ಆ ಮಟ್ಟಿಗೆ ಮಗಳ ಹಟ ಸರಿಯಾಗಿಯೇ ಇದೆ.

ಮಾನಸಗಂಗೋತ್ರಿಯಲ್ಲಿ ಸೀಟು ಸಿಕ್ಕರೆ ಯೋಚಿಸಬೇಕಾದ್ದೇ ಇಲ್ಲ. ಪಾಂಡವಪುರದಿಂದ ಮೈಸೂರಿಗೆ ದಿನಾ ಓಡಾಡಬಹುದು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ಇಲ್ಲವೆಂದರೆ ರೈಲಿನ ಪಾಸು. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದಿಗೆ ಹುಡುಗಿಯರಿಗೆ ವರ್ಷಕ್ಕೆ 11,000 ನಿಗದಿಯಾಗಿತ್ತು. ಈ ವರ್ಷದ ಅರ್ಜಿಯ ಸ್ಥಿತಿಯನ್ನು ಕಾಲೇಜಿನಲ್ಲೇ ವಿಚಾರಿಸಿ. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್, ಅಂಕಪಟ್ಟಿ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಥರ ಇರಲಿ. ಅರ್ಜಿ ತಿರಸ್ಕಾರವಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಈ ಕೋರ್ಸಿನಲ್ಲಿ ಖರ್ಚು ತಪ್ಪಿಸಿಕೊಳ್ಳಲಾಗದ ಜಾಗವೆಂದರೆ ಫೀಲ್ಡ್. ವರ್ಷಕ್ಕೊಮ್ಮೆಯಾದರೂ ಹತ್ತು ಹದಿನೈದು ದಿನದ ಕ್ಷೇತ್ರ ಪ್ರವಾಸ, ಕೊನೆಗೆ ಪ್ರಬಂಧದ ಕೆಲಸಕ್ಕೆ ಓಡಾಟ, ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲಿನ ತೆಳುಛೇದ ಮಾಡಿಸುವುದು, ರಾಸಾಯನಿಕ ವಿಶ್ಲೇಷಣೆಗೆ ಲ್ಯಾಬಿಗೆ ಕಳಿಸುವುದು. ಇಲ್ಲೇ ಬ್ಯಾಂಕಿನ ಒಂದು ನಿಯಮ ಅಡ್ಡ ಬರುತ್ತದೆ. ಅಧ್ಯಯನ ಪ್ರವಾಸ, ಪ್ರಾಜೆಕ್ಟ್, ಪ್ರಬಂಧದ ಖರ್ಚಿಗೆ ಒಟ್ಟು ಬೋಧನಾ ಶುಲ್ಕದ ಶೇ 20ಕ್ಕಿಂತ ಹೆಚ್ಚು ಸಾಲ ಕೊಡದ ಬ್ಯಾಂಕುಗಳಿವೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವೇ ಕಡಿಮೆ, ಅದರ ಶೇ 20 ಇನ್ನೆಷ್ಟು? ಫೀಸು ಕಡಿಮೆ ಇರುವ ಕಡೆಯೇ ಫೀಲ್ಡಿಗೆ ಬ್ಯಾಂಕಿನ ಹಣ ಸಾಕಾಗದಂತಾಗುತ್ತದೆ. ಅದಕ್ಕೊಂದಿಷ್ಟು ಹಣ ಮನೆಯಿಂದಲೇ ತೆಗೆದಿಡಿ. ಸಾಮಾನು ಮಾತ್ರ ಪೂರ್ತಿ ಕೊಳ್ಳಲು ಹೋಗಬೇಡಿ. ಸುತ್ತಿಗೆ, 10 ಪಟ್ಟಿನ ಲೆನ್ಸ್, ಒಳ್ಳೆ ಬೂಟು ಇವು ಸ್ವಂತದ್ದಿರಲಿ, ಬ್ರಂಟನ್ ದಿಕ್ಸೂಚಿ ವಿಭಾಗದ್ದನ್ನೇ ಬಳಸಬಹುದು.

ವಿದೇಶದ ಲೆಕ್ಕಕ್ಕೆ ಬರೋಣ. 40 ಲಕ್ಷ, ಬಡ್ಡಿ ಶೇ 11, ವರ್ಷಕ್ಕೆ 20 ಲಕ್ಷದಂತೆ ಬಿಡುಗಡೆ. ಮೂರು ವರ್ಷದ ಕೊನೆಗೆ ಬಡ್ಡಿಯೇ 11 ಲಕ್ಷ, ಸಾಲ 51 ಲಕ್ಷ. 10 ವರ್ಷಕ್ಕೆ ಕಂತು ಸುಮಾರು 70,250, 15 ವರ್ಷಕ್ಕೆ 58,000. ಮಗಳು ಹಿಂತಿರುಗಿ ಬಂದು ಸರ್ವೇಕ್ಷಣೆಯ ಭೂವಿಜ್ಞಾನಿಯೇ ಆದಳು ಎಂದಿಟ್ಟುಕೊಂಡರೂ, 89 ಸಾವಿರದಲ್ಲಿ 70 ಸಾವಿರ ಕಂತಿಗೆ ಹೋಗುತ್ತದೆ. ಅಂದರೆ ಈ ಸಾಲವನ್ನು ಭಾರತದ ಸಂಬಳದಿಂದ ತೀರಿಸಲಾಗದು, ಅಲ್ಲೇ ಕೆಲಸ ಸಿಗಲೇಬೇಕು ಎಂಬ ಪಣದ ಮೇಲೆ ನಿಂತಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೊ ಪ್ರಕಾರ 2023ರ ಮೇನಲ್ಲಿ ಅಲ್ಲಿನ ಭೂವಿಜ್ಞಾನಿಗಳ ಮಧ್ಯಮ ವೇತನ (ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ವರ್ಷಕ್ಕೆ 92,580 ಡಾಲರ್. ಏಜೆಂಟರು ತೋರಿಸುವುದು ಈ ಸಂಖ್ಯೆಯನ್ನೇ. ಆದರೆ ಅದರಲ್ಲಿ ಇಪ್ಪತ್ತು ವರ್ಷ ದುಡಿದವರೂ, ತೈಲ ಕಂಪನಿಯವರೂ ಇದ್ದಾರೆ, ಅದು ಹೊಸಬರ ಸಂಬಳವಲ್ಲ. ಓದು ಮುಗಿದ ಮೇಲೆ ಕೆಲಸ ಮಾಡಲು ಒಪಿಟಿಯಲ್ಲಿ 12 ತಿಂಗಳು, ವಿಜ್ಞಾನ ಪದವಿಯವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ. ತೈಲ ಬೆಲೆ 2014ರಲ್ಲಿ ಕುಸಿದಾಗ, ಮತ್ತೆ 2020ರಲ್ಲಿ, ಅಲ್ಲಿನ ಕಂಪನಿಗಳು ಕೆಲಸದಲ್ಲಿದ್ದ ಭೂವಿಜ್ಞಾನಿಗಳನ್ನೇ ಮನೆಗೆ ಕಳಿಸಿದ್ದವು.

ಹಾಗೆಂದು ವಿದೇಶದ ಆಸೆಯನ್ನೇ ಚಿವುಟಬೇಕಿಲ್ಲ. ಅಮೆರಿಕದಲ್ಲಿ ಪ್ರಬಂಧ ಬರೆಯಬೇಕಾದ ಭೂವಿಜ್ಞಾನದ ಎಂ.ಎಸ್., ಪಿಎಚ್‌ಡಿ ಕೋರ್ಸುಗಳಲ್ಲಿ ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಕೊಟ್ಟು ಫೀಸು ಮನ್ನಾ ಮಾಡಿ, ಖರ್ಚಿಗೂ ಹಣ ಕೊಡುವ ಪದ್ಧತಿ ಇದೆ. ಅದಕ್ಕೆ ಏಜೆಂಟರು ಬೇಕಿಲ್ಲ. ಸೇರುವ ವರ್ಷದ ಹಿಂದಿನ ಸೆಪ್ಟೆಂಬರಿನಿಂದಲೇ ಪ್ರಾಧ್ಯಾಪಕರಿಗೆ ನೇರ ಪತ್ರ ಬರೆಯಬೇಕು, ಅರ್ಜಿಯ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್, ಜನವರಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. 1765ರಲ್ಲಿ ಶುರುವಾದ ಫ್ರೈಬರ್ಗ್‌ನ ಗಣಿ ವಿಶ್ವವಿದ್ಯಾಲಯವೂ ಸರ್ಕಾರದ್ದೇ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕು, ಅದು ತಿಂಗಳು ತಿಂಗಳು ಮಗಳ ಖರ್ಚಿಗೇ ವಾಪಸು ಬರುತ್ತದೆ. ಇಲ್ಲಿ ಎಂ.ಎಸ್ಸಿ. ಮುಗಿಸಿ, ಗೇಟ್ ಅಥವಾ ನೆಟ್ ಅಂಕ ಕೈಯಲ್ಲಿಟ್ಟುಕೊಂಡು, ಪಿಎಚ್‌ಡಿಗೆ ಹೋಗುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಸರ್ಕಾರಿ ಹುದ್ದೆ ಸಿಗದಿದ್ದರೆ ಆ 25 ಸಾವಿರ ಅಲ್ಲೇ ನಿಲ್ಲುತ್ತದೆಯೇ? ನಿಲ್ಲಬೇಕಿಲ್ಲ, ಆದರೆ ಮೊದಲ ಎರಡು ವರ್ಷ ಏನು ಕಲಿತಳು ಎಂಬುದರ ಮೇಲಿದೆ. ಖಾಸಗಿ ಅನ್ವೇಷಣೆಯಲ್ಲಿ ಹೊಸಬರ ಕೈಗೆ ಮೊದಲು ಬರುವುದು ಕೋರ್ ಪೆಟ್ಟಿಗೆ. ಡ್ರಿಲ್ ಮಾಡಿ ತೆಗೆದ ಕಲ್ಲಿನ ಕೊರಡುಗಳನ್ನು ಆಳದ ಕ್ರಮದಲ್ಲಿ ಜೋಡಿಸಿ ಬರೆದಿಡುವ ಕೆಲಸ. 3 ಮೀಟರ್ ಕೊರೆದು 2.7 ಮೀಟರ್ ಕೋರ್ ಕೈಗೆ ಬಂದರೆ ರಿಕವರಿ ಶೇ 90. ಅದರಲ್ಲಿ 10 ಸೆಂಟಿಮೀಟರಿಗಿಂತ ಉದ್ದದ ಗಟ್ಟಿ ತುಂಡುಗಳನ್ನಷ್ಟೇ ಕೂಡಿದಾಗ 1.95 ಮೀಟರ್ ಬಂದರೆ ಕೊರೆದ 3 ಮೀಟರಿಗೆ ಆರ್‌ಕ್ಯುಡಿ (ಕಲ್ಲು ಎಷ್ಟು ಗಟ್ಟಿ ಎಂಬ ಅಳತೆ) ಶೇ 65, ಅಂದರೆ ಕಲ್ಲು ಸಾಧಾರಣ. ತಪ್ಪಾಗುವುದು ಎಲ್ಲಿ ಎಂದರೆ, ಬ್ಯಾರೆಲ್‌ನಿಂದ ತೆಗೆಯುವಾಗ ಒಡೆದ ತುಂಡನ್ನು ಮೊದಲೇ ಇದ್ದ ಬಿರುಕೆಂದು ಎಣಿಸಿಬಿಡುತ್ತಾರೆ. ಹೊಸ ಒಡಕಿನ ಮುಖ ಹೊಳೆಯುತ್ತದೆ, ಹಳೆ ಬಿರುಕಿನಲ್ಲಿ ತುಕ್ಕಿನ ಬಣ್ಣವೋ ಜೇಡಿಯೋ ಅಂಟಿರುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಬಿದ್ದವರಿಗೆ ಸುರಂಗ, ಅಣೆಕಟ್ಟು, ಮೆಟ್ರೊ ಕೆಲಸಗಳಲ್ಲೂ ಬೇಡಿಕೆ ಇದೆ. ಇದರ ಮೇಲೆ ಕಲಿಯಬೇಕಾದದ್ದು ನಕ್ಷೆ ಮಾಡುವ ಕ್ಯುಜಿಐಎಸ್, ಸರ್ಪ್ಯಾಕ್‌ನಂಥ ಗಣಿ ಸಾಫ್ಟ್‌ವೇರ್ ಒಂದು, ಮತ್ತು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಂದು ವರದಿ ಬರೆಯುವ ಅಭ್ಯಾಸ. ಬರೀ ಜಿಐಎಸ್ ಡಿಜಿಟೈಸಿಂಗ್ ಕೆಲಸಕ್ಕೆ ಸೇರಿ ಕೂತರೆ ಮಾತ್ರ ಸಂಬಳ ಮೇಲೇಳುವುದು ಕಷ್ಟ.

ಐದು ವರ್ಷದ ಮೇಲೆ ಇನ್ನೊಂದು ಬಾಗಿಲು ತೆರೆಯುತ್ತದೆ. ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಅದರ ನಂತರ ಗಣಿ ಕ್ಷೇತ್ರದಲ್ಲಿ ಮೇಲ್ವಿಚಾರಣೆಯ ಹುದ್ದೆಯಲ್ಲಿ 5 ವರ್ಷ ಅನುಭವ ಇದ್ದವರು ಗಣಿ ಯೋಜನೆ ತಯಾರಿಸಿ ಸಹಿ ಹಾಕಬಹುದು. ಕಲ್ಲು ಕ್ವಾರಿಗಳಿಂದ ಹಿಡಿದು ದೊಡ್ಡ ಗಣಿಗಳವರೆಗೆ ಎಲ್ಲರಿಗೂ ಅದು ಬೇಕು, ಸ್ವಂತ ಕಚೇರಿ ಇಟ್ಟು ಸಂಪಾದಿಸುವ ದಾರಿ ಅದು. ಹಾಗಾಗಿ ಖಾಸಗಿ ಕೆಲಸ ಬಿಡುವಾಗಲೆಲ್ಲ ಅನುಭವ ಪತ್ರ ಕೈಗೆ ಬರುವವರೆಗೆ ಕದಲಬಾರದು. ಅದರಲ್ಲಿ ಸೇರಿದ-ಬಿಟ್ಟ ದಿನಾಂಕ, ಯಾವ ಗಣಿ, ಮೇಲ್ವಿಚಾರಣೆಯ ಕೆಲಸ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ಬರೀ ‘ಒಳ್ಳೆಯ ನಡತೆ’ ಎಂದು ಬರೆದುಕೊಟ್ಟ ಕಾಗದ ಇದಕ್ಕೆ ಕೆಲಸಕ್ಕೆ ಬರುವುದಿಲ್ಲ. ಸೇರುವಾಗ ಪಿಎಫ್ ಇದೆಯೇ, ಸೈಟ್ ಭತ್ಯೆ ಎಷ್ಟು, ಎಷ್ಟು ದಿನ ಸೈಟಿಗೆ ಎಷ್ಟು ದಿನ ರಜೆ, ಪ್ರಾಜೆಕ್ಟ್ ಮುಗಿದ ಮೇಲೆ ಸಂಬಳ ಉಂಟೋ ಇಲ್ಲವೋ ಎಂದು ಕೇಳಿಕೊಳ್ಳಲಿ. ಈ ಕ್ಷೇತ್ರಕ್ಕೆ ಏರಿಳಿತ ಇದ್ದದ್ದೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ, ಆಮೇಲೆ ಚಿತ್ರದುರ್ಗ-ತುಮಕೂರಿನ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಕೆಲಸಗಳೂ ಜೊತೆಗೇ ನಿಂತವು. ಈಗ ಗಾಳಿ ಇನ್ನೊಂದು ಕಡೆಗೆ ಬೀಸುತ್ತಿದೆ. 2025ರ ಜನವರಿಯಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ನಲ್ಲಿ 2030-31ರೊಳಗೆ ಸರ್ವೇಕ್ಷಣೆಯಿಂದ 1,200 ಅನ್ವೇಷಣಾ ಯೋಜನೆಗಳ ಗುರಿ ಇದೆ. ಕಂತಿನ ಅವಧಿ ಹತ್ತು ವರ್ಷ ಎಂಬುದು ಮಾತ್ರ ನೆನಪಿರಲಿ, ಅಷ್ಟು ದಿನ ಒಂದೇ ಗಾಳಿ ಬೀಸುವುದಿಲ್ಲ.

ಹುಡುಗಿಯಾದ್ದರಿಂದ ಗಣಿ ಕೆಲಸ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ಅದು ಹಳೆಯ ಮಾತು. 2019ರಿಂದ ಹೆಣ್ಣುಮಕ್ಕಳು ನೆಲದಡಿಯ ಗಣಿಯಲ್ಲೂ ತಾಂತ್ರಿಕ, ಮೇಲ್ವಿಚಾರಣಾ ಹುದ್ದೆಗಳಲ್ಲಿ ಹಗಲು ಪಾಳಿಯಲ್ಲಿ ಕೆಲಸ ಮಾಡಲು ಅವಕಾಶವಿದೆ. ದೂರದ ಕ್ಯಾಂಪಿನಲ್ಲಿ ಪ್ರತ್ಯೇಕ ವಸತಿ, ಶೌಚಾಲಯ ಇದೆಯೇ ಎಂದು ಸೇರುವ ಮುಂಚೆಯೇ ಕೇಳಬೇಕು, ಕೇಳಲು ಸಂಕೋಚಪಡಬಾರದು.

ಕೊನೆಗೆ ಲಿಥಿಯಂ. ಶ್ರೀರಂಗಪಟ್ಟಣದ ಕಡೆಯ ಮರಳಗಾಲ-ಅಲ್ಲಾಪಟ್ಟಣದ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರಲ್ಲಿ ಸುದ್ದಿಯಾಗಿತ್ತು. 2021ರಲ್ಲಿ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್, ಅದೂ ‘ಇನ್ಫರ್ಡ್’ ವರ್ಗದಲ್ಲಿ, ಅಂದರೆ ಕಡಿಮೆ ಮಾದರಿಗಳಿಂದ ಊಹಿಸಿದ, ಭರವಸೆ ಕಡಿಮೆಯಿರುವ ಅಂದಾಜು. ಅಲ್ಲಿಂದ ಗಣಿಯವರೆಗೆ ವಿವರವಾದ ಡ್ರಿಲ್ಲಿಂಗ್, ಲಾಭವಾಗುತ್ತದೆಯೇ ಎಂಬ ಅಧ್ಯಯನ, ಪರಿಸರ ಅನುಮತಿ ಇಷ್ಟೂ ಹಂತಗಳಿವೆ. ಹುಡುಕುತ್ತಿರುವುದು ಅಣು ಖನಿಜ ನಿರ್ದೇಶನಾಲಯ, ಅದರ ವಿಜ್ಞಾನಿಗಳ ಆಯ್ಕೆ ಊರಿನ ಮೇಲೆ ನಡೆಯುವುದಿಲ್ಲ, ಅಖಿಲ ಭಾರತ ಮಟ್ಟದಲ್ಲಿ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ತರಬೇತಿ ಶಾಲೆಯ ಪ್ರವೇಶದ ಮೂಲಕ ನಡೆಯುತ್ತದೆ. ಅದಕ್ಕೆ ಎಂ.ಎಸ್ಸಿ.ಯಲ್ಲಿ ಕನಿಷ್ಠ ಶೇ 60 ಬೇಕು, ಗೇಟ್ ಅಂಕದಿಂದಲೂ ಸಂದರ್ಶನಕ್ಕೆ ಕರೆಯುತ್ತಾರೆ. ಮರಳಗಾಲ ಮಗಳಿಗೆ ಕೆಲಸ ಕೊಡದಿದ್ದರೂ ಎಂ.ಎಸ್ಸಿ. ಪ್ರಬಂಧಕ್ಕೆ ವಿಷಯ ಕೊಡಬಹುದು. ಮನೆಯಿಂದ ಹೋಗಿ ಬರುವಷ್ಟು ಹತ್ತಿರದ ಫೀಲ್ಡ್ ಅದು, ಮಾರ್ಗದರ್ಶಕರ ಹತ್ತಿರ ಮೊದಲ ಸೆಮಿಸ್ಟರಿನಲ್ಲೇ ಕೇಳಿಡಲಿ.